ನಲವತ್ತೆರಡು ಪೊಟ್ಟಣ ಉಪ್ಪು

ನಾನು ಸಾರ್ವಜನಿಕ ಆರೋಗ್ಯ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ರಸಾಯನಶಾಸ್ತ್ರಜ್ಞೆ. ಹುದ್ದೆಯ ಹೆಸರು ಉದ್ದ, ಆಯುಸ್ಸು ಗಿಡ್ಡ: ಒಂದು ವರ್ಷ. ಪ್ರತಿ ವರ್ಷ ಜಿಲ್ಲಾ ಸಭೆಯಲ್ಲಿ ನಮ್ಮ ಕೆಲಸ ಒಪ್ಪಿಸಬೇಕು, ಅಲ್ಲಿ ಕುಳಿತವರಿಗೆ ಸರಿಯೆನಿಸಿದರೆ ಇನ್ನೊಂದು ವರ್ಷ ವಿಸ್ತರಣೆ. ಇಲ್ಲದಿದ್ದರೆ ಮೂಡುಬಿದಿರೆಯ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಹೋಗುವುದು.

ಆ ವರ್ಷ ನನಗೆ ಸಿಕ್ಕಿದ್ದು ಉಪ್ಪು. ಮನೆಗಳಲ್ಲಿ ಬಳಸುವ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ನೋಡಬೇಕಿತ್ತು. ಮನೆ ಮನೆ ಸುತ್ತಲು ಜನ ಇರಲಿಲ್ಲ. ಹಾಗಾಗಿ ಸಿದ್ಧಕಟ್ಟೆಯ ಕಡೆ ಒಂದು, ಮೂಡುಬಿದಿರೆಯ ಕಡೆ ಒಂದು, ಕಕ್ಕಿಂಜೆಯಿಂದ ಆಚೆ ಒಂದು, ಹೀಗೆ ಮೂರು ಶಾಲೆ ಆರಿಸಿದೆ. ಮಕ್ಕಳು ಮನೆಯಿಂದ ಎರಡು ಚಮಚ ಉಪ್ಪು ತರುವುದು, ಅದನ್ನು ನಾವು ನಂಬರು ಬರೆದ ಕವರಿಗೆ ಹಾಕಿಕೊಳ್ಳುವುದು ಎಂದು ಯೋಜನೆ. ಶಾಲೆಗಳಿಗೆ ಪತ್ರ ಬರೆದೆ. ಸಿದ್ಧಕಟ್ಟೆಗೆ ಸೋಮವಾರ, ಮೂಡುಬಿದಿರೆಗೆ ಬುಧವಾರ, ಕಕ್ಕಿಂಜೆಗೆ ಶುಕ್ರವಾರ.

ಪರೀಕ್ಷೆ ಸುಲಭ. ಉಪ್ಪನ್ನು ನೀರಿನಲ್ಲಿ ಕರಗಿಸಿ, ಒಂದೆರಡು ದ್ರಾವಣ ಸೇರಿಸಿ, ಕೊನೆಗೆ ಸ್ವಲ್ಪ ಗಂಜಿ ಹಾಕಬೇಕು. ಅಯೋಡಿನ್ ಇದ್ದರೆ ನೀಲಿ, ಇಲ್ಲದಿದ್ದರೆ ಇದ್ದ ಹಾಗೆಯೇ. ಸಿದ್ಧಕಟ್ಟೆಯ ಉಪ್ಪು ಹೆಚ್ಚಿನದು ನೀಲಿಯಾಯಿತು, ಕೆಲವು ಆಗಲಿಲ್ಲ. ಮೂಡುಬಿದಿರೆಯದ್ದೂ ಹಾಗೆಯೇ. ಕಕ್ಕಿಂಜೆ ಕಡೆಯ ನಲವತ್ತೆರಡರಲ್ಲಿ ಒಂದೂ ನೀಲಿಯಾಗಲಿಲ್ಲ.

ನಮ್ಮ ಲ್ಯಾಬ್ ಟೆಕ್ನೀಶಿಯನ್ ನನಗಿಂತ ಹಿರಿಯರು, ಬಂಟ್ವಾಳದವರು. ಗಾಜಿನ ಪಾತ್ರೆಗಳ ಸಾಲನ್ನು ಒಮ್ಮೆ ನೋಡಿದರು. "ಮೇಡಂ, ನಿಮ್ಮ ಗಂಜಿ ಹಳಸಿದೆ."

ಹೊಸ ಗಂಜಿ ಬೇಯಿಸಿದೆ. ಅದೇ ಫಲಿತಾಂಶ. ಟೆಕ್ನೀಶಿಯನ್ ತಮ್ಮ ಬುತ್ತಿಯ ಜೊತೆ ಮಾವಿನಕಾಯಿಗೆಂದು ತಂದಿದ್ದ ಚಿಟಿಕೆ ಉಪ್ಪನ್ನು ಹಾಕಿ ನೋಡಿದರು. ಶಾಯಿಯಂಥ ನೀಲಿ. "ಗಂಜಿ ಸರಿ ಉಂಟು. ಊರೇ ಸರಿಯಿಲ್ಲ," ಎಂದು ಮಾವಿನಕಾಯಿಯನ್ನು ಉಪ್ಪಿಲ್ಲದೆ ತಿಂದರು.

ದಾಖಲಾತಿಯಲ್ಲಿ ನಾನು ಅಚ್ಚುಕಟ್ಟು. ಪ್ರತಿ ಕವರಿನ ಮುಂದೆ ಉಪ್ಪಿನ ಬಗೆ, ಬಣ್ಣ, ಹೊದಿಕೆ ಎಂದು ಮೂರು ಅಂಕಣ ಇಟ್ಟಿದ್ದೆ. ಕಕ್ಕಿಂಜೆಯ ಪುಟದಲ್ಲಿ ನಾನೇ ಬರೆದದ್ದು ಹೀಗಿದೆ: "ಕಲ್ಲುಪ್ಪು. ಬಿಳಿ. ನುಣುಪಾದ ಬಣ್ಣದ ಕಾಗದ, ಅಂಗಡಿಯ ಜಾಹೀರಾತು, ಅರಬಿ ಅಕ್ಷರ." ಇದನ್ನು ನಲವತ್ತೆರಡು ಬಾರಿ ಬರೆದಿದ್ದೇನೆ. ಒಮ್ಮೆಯೂ ಕೈ ನಿಲ್ಲಲಿಲ್ಲ.

ಪುಟವನ್ನು ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಎಂತ ಮಾರಾಯ್ರೆ ಇದು! ಒಂದು ಇಡೀ ಊರು!"

"ಹೌದು ಸರ್."

"ಅರಬಿ ಅಕ್ಷರ ಅಂತ ಬರೆದಿದ್ದೀರಿ. ಅರ್ಥ ಆಯ್ತಾ ನಿಮಗೆ? ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಬರುವಾಗ ಅಲ್ಲಿಂದ ಉಪ್ಪು ತರ್ತಾರೆ."

"ಸರ್, ವಿಮಾನದಲ್ಲಿ ಉಪ್ಪಾ?"

"ಖರ್ಜೂರ ತರುವುದಿಲ್ವಾ? ಹಾಲಿನಪುಡಿ ತರುವುದಿಲ್ವಾ? ಉಪ್ಪಿಗೆ ಎಂತ ತೊಂದರೆ?"

ಆ ಸಂಜೆಯೇ ಅವರು ಗುರುವಾರದ ಜಿಲ್ಲಾ ಸಭೆಗೆ ಸ್ಲೈಡು ಮಾಡಿದರು. ಶೀರ್ಷಿಕೆ "ಕಡಲಾಚೆಯ ಉಪ್ಪು". ಒಂದು ವಿಮಾನ, ಒಂದು ಒಂಟೆ, ಬುಡದಲ್ಲಿ ಕಕ್ಕಿಂಜೆ ಕಡೆಯ ಘಾಟಿಯ ಚಿತ್ರ. "ಇದನ್ನು ನೀವು ಹೇಳಿದರೆ ವಿಸ್ತರಣೆ ಗ್ಯಾರಂಟಿ," ಎಂದರು. "ಸಭೆಗೆ ಮುಂಚೆ ಹೋಗಿ ಆ ಗಲ್ಫಿನ ಉಪ್ಪಿನ ಪ್ಯಾಕೆಟ್ ಒಂದು ತನ್ನಿ. ಕೈಯಲ್ಲಿ ಹಿಡಿದು ತೋರಿಸುವ."

ಮಂಗಳವಾರ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಹೊರಟೆ. ಶಾಲೆಯ ಹೆಡ್ಮಾಷ್ಟ್ರು ಅಂಗಳದಲ್ಲೇ ಸಿಕ್ಕಿದರು. ಮಕ್ಕಳ ಮನೆಗಳಲ್ಲಿ ಯಾವ ಪ್ಯಾಕೆಟಿನ ಉಪ್ಪು ಎಂದು ಕೇಳಬೇಕಿತ್ತು ಎಂದೆ. ಅವರು ನನ್ನನ್ನು ಉಪ್ಪು ತಂದಿದ್ದ ಆರನೇ ತರಗತಿಗೆ ಕರೆದುಕೊಂಡು ಹೋದರು.

"ನಿಮ್ಮ ಮನೆಗೆ ಉಪ್ಪು ಎಲ್ಲಿಂದ ತರ್ತಾರೆ?" ಎಂದು ಮೊದಲ ಬೆಂಚಿನ ಹುಡುಗಿಯನ್ನು ಕೇಳಿದೆ.

"ಅಂಗಡಿಯಿಂದ ಟೀಚರ್."

"ನನಗೆ ಕೊಟ್ಟೆಯಲ್ಲ, ಆ ಉಪ್ಪು?"

"ಅದು ನಮ್ಮದಲ್ಲ, ಉಮ್ಮನದ್ದು."

"ಯಾವ ಉಮ್ಮ?"

ತರಗತಿಯೇ ಕಿಟಕಿಯತ್ತ ಕೈ ತೋರಿಸಿತು. ಗೇಟಿನೆದುರು ಹಂಚಿನ ಮನೆಯೊಂದರ ಜಗಲಿಯಲ್ಲಿ ವಯಸ್ಸಾದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಕುಳಿತು ಮಾವಿನಮಿಡಿ ಆರಿಸುತ್ತಿದ್ದರು.

"ಮನೆಯದ್ದು ಯಾಕೆ ತರಲಿಲ್ಲ?"

"ಶುಕ್ರವಾರ ಅಲ್ವಾ ಟೀಚರ್," ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಶುಕ್ರವಾರ ಉಪ್ಪು ಹೊರಗೆ ಕೊಟ್ರೆ ಲಕ್ಷ್ಮಿ ಹೋಗ್ತಾಳೆ. ಕೇಳಿದ್ದಕ್ಕೇ ಅಮ್ಮ ಬೈದ್ರು."

"ಉಮ್ಮನ ಹತ್ತಿರ ತಂದವರು ಕೈ ಎತ್ತಿ."

ಎಲ್ಲ ಕೈಗಳೂ ಮೇಲೆ ಹೋದವು. ಹಿಂದಿನ ಬೆಂಚಿನ ಒಬ್ಬ ಮಾತ್ರ ಎತ್ತಲಿಲ್ಲ. ನನಗೆ ಸ್ವಲ್ಪ ಆಸೆ ಹುಟ್ಟಿತು.

"ನೀನು ಮನೆಯಿಂದ ತಂದೆಯಾ?"

"ಇಲ್ಲ ಟೀಚರ್. ಇವನ ಪೊಟ್ಟಣದಲ್ಲಿ ಕಾಗದ ಸಮೇತ ಅರ್ಧ ತೆಗೆದುಕೊಂಡದ್ದು."

ಬ್ಯಾರಿ ಮನೆಗಳ ಮಕ್ಕಳೂ ಅಲ್ಲಿದ್ದರು. ಅವರಿಗೆ ಶುಕ್ರವಾರದ ತೊಡಕಿರಲಿಲ್ಲ. ಗೇಟಿನಲ್ಲೇ ಪೊಟ್ಟಣ ಕಟ್ಟಿ ಕೊಡುತ್ತಿರುವಾಗ ಮನೆಯಿಂದ ಹೊತ್ತು ತರುವುದು ಯಾಕೆ ಎಂದು ಅವರೂ ಸಾಲಿನಲ್ಲಿ ನಿಂತಿದ್ದರು.

ಹೆಡ್ಮಾಷ್ಟ್ರ ಕಡೆ ತಿರುಗಿದೆ. ಅವರು ನೆಲ ನೋಡಿದರು. "ನಮ್ಮಲ್ಲಿಯೂ ಕೊಡುವುದಿಲ್ಲ ಮೇಡಂ. ಆದ್ರೆ ಪತ್ರದಲ್ಲಿ ಶುಕ್ರವಾರ ಅಂತ ಇತ್ತು. ಸೀಲು ಬೇರೆ ಉಂಟು. ನಾನೆಂತ ಹೇಳುವುದು?"

ಪತ್ರ ಬರೆದವಳು ನಾನು. ನಮ್ಮ ಮನೆಯಲ್ಲೂ ಶುಕ್ರವಾರ ಉಪ್ಪು ಕೊಡುವುದಿಲ್ಲ. ಸಣ್ಣವಳಿರುವಾಗ ಪಕ್ಕದ ಮನೆಯವರು ಉಪ್ಪು ಕೇಳಲು ಬಂದರೆ ಅಮ್ಮ ನನ್ನಿಂದಲೇ "ಮುಗಿದಿದೆ" ಎಂದು ಸುಳ್ಳು ಹೇಳಿಸುತ್ತಿದ್ದರು. ಕಂಪ್ಯೂಟರಿನ ಮುಂದೆ ಕುಳಿತು ವಾರ ಹಾಕುವಾಗ ಇದೊಂದೂ ತಲೆಗೆ ಬಂದಿರಲಿಲ್ಲ.

ರಸ್ತೆ ದಾಟಿ ಉಮ್ಮನ ಜಗಲಿ ಹತ್ತಿದೆ. ಬಂದ ಕಾರಣ ಹೇಳಿದೆ.

"ಓ, ಉಪ್ಪಿನ ಮಗಳು ನೀನೇನಾ? ಕೂತ್ಕೊ, ಕೂತ್ಕೊ," ಎಂದರು. "ಮಕ್ಕಳು ಬಂದು ಉಮ್ಮ ಉಪ್ಪು, ಉಮ್ಮ ಉಪ್ಪು ಅಂತ ಒಂದೇ ಗಲಾಟೆ. ಎಂತಕ್ಕೆ ಅಂದ್ರೆ ಸರಕಾರಕ್ಕೆ ಬೇಕಂತೆ ಅಂದ್ರು. ಪಾಪ, ಸರಕಾರದ ಹತ್ತಿರ ಉಪ್ಪೂ ಇಲ್ವಾ ಅಂತ ಕೊಟ್ಟೆ."

"ಶುಕ್ರವಾರ ಕೊಟ್ರೆ ನಿಮ್ಮಲ್ಲಿ ತೊಂದರೆ ಇಲ್ವಾ?"

"ಶುಕ್ರವಾರ ಕೊಟ್ರೆ ಹೆಚ್ಚು ಪುಣ್ಯ ಮಗಳೇ! ಹಾಗೆ ಬೊಗಸೆ ಬೊಗಸೆ ಕೊಟ್ಟೆ."

ಕಾಗದ ಯಾವುದೆಂದು ಕೇಳಿದೆ. ಮಗ ದುಬೈಯ ಅಂಗಡಿಯೊಂದರಲ್ಲಿದ್ದಾನೆ, ಬರುವಾಗ ಪೆಟ್ಟಿಗೆಯಲ್ಲಿ ಗಾಜಿನ ಸಾಮಾನು ಒಡೆಯದಂತೆ ಆ ಜಾಹೀರಾತಿನ ಹಾಳೆಗಳನ್ನು ತುರುಕಿ ತರುತ್ತಾನೆ ಎಂದರು. ಉಪ್ಪು ಯಾವುದೆಂದು ಕೇಳಿದೆ. ಒಳಗೆ ಕರೆದುಕೊಂಡು ಹೋಗಿ ಒಂದು ಗೋಣಿ ತೋರಿಸಿದರು.

"ಇದು ಉಪ್ಪಿನಕಾಯಿಗೆ. ಅಯೋಡಿನ್ ಹಾಕಿದ್ದು ಬೇಡ ಅಂತ ಹೇಳಿ ತರಿಸುವುದು. ಅದು ಹಾಕಿದ್ರೆ ಮಿಡಿ ಕಪ್ಪಾಗ್ತದೆ."

"ಅಡುಗೆಗೆ ಯಾವುದು ಹಾಕ್ತೀರಿ?"

"ಅಡುಗೆಗೆ ಪ್ಯಾಕೆಟಿನದ್ದು. ಅದನ್ನು ಸರಕಾರಕ್ಕೆ ಕೊಡ್ಲಿಕ್ಕೆ ಆಗ್ತದಾ? ಒಳ್ಳೆಯದೇ ಕೊಡುವ ಅಂತ ಇದನ್ನು ಕೊಟ್ಟೆ. ಹೇಗೆ, ಪಾಸಾಯ್ತಾ ನನ್ನ ಉಪ್ಪು?"

ಉಪ್ಪಿನಕಾಯಿಗೆ ಪಾಸು ಎಂದೆ. ಅದು ನಿಜ.

ಮರುದಿನ ಬುಧವಾರ, ಯಾವ ದೇವರಿಗೂ ತಕರಾರಿಲ್ಲದ ದಿನ ಎಂದು ಹೆಡ್ಮಾಷ್ಟ್ರು ಖಾತ್ರಿ ಕೊಟ್ಟರು. ಮಕ್ಕಳು ಈ ಸಲ ಮನೆಯಿಂದಲೇ ತಂದರು: ಸ್ಟೀಲಿನ ಡಬ್ಬಿಯಲ್ಲಿ, ಕುಂಕುಮದ ಭರಣಿಯಲ್ಲಿ, ಒಬ್ಬ ಅಂಗಿಯ ಜೇಬಿನಲ್ಲಿ ನೇರವಾಗಿ. ಸಂಜೆ ಏಳರೊಳಗೆ ನಾನೂ ಟೆಕ್ನೀಶಿಯನ್ನೂ ಸೇರಿ ಪರೀಕ್ಷೆ ಮುಗಿಸಿದೆವು. ಹೆಚ್ಚಿನವು ನೀಲಿ, ಕೆಲವು ಅಲ್ಲ. ಸಿದ್ಧಕಟ್ಟೆಯ ಹಾಗೆ, ಮೂಡುಬಿದಿರೆಯ ಹಾಗೆ, ಸಾಧಾರಣ ಊರು.

ಮುಖ್ಯಸ್ಥರಿಗೆ ಹೇಳಿದೆ. ಅವರು ಒಂಟೆಯ ಸ್ಲೈಡನ್ನು ಸ್ವಲ್ಪ ಹೊತ್ತು ನೋಡಿದರು.

"ನಲವತ್ತೆರಡೂ ಒಂದೇ ಅಜ್ಜಿಯದ್ದಾ?"

"ಹೌದು ಸರ್."

"ಹಾಗಾದ್ರೆ ಹಳೆಯದನ್ನು ಹೇಳುವುದು ಬೇಡ. ಹೊಸ ಲೆಕ್ಕ ಮಾತ್ರ ತೋರಿಸಿ. ವಾರ ತಪ್ಪಿದ್ದು ನಿಮ್ಮಿಂದ. ವಿಸ್ತರಣೆಗೆ ಸಹಿ ಹಾಕುವವರ ಎದುರು ಅದನ್ನು ನೀವೇ ಹೇಳಿದರೆ ಎಂತ ಆಗ್ತದೆ ಗೊತ್ತುಂಟಲ್ಲ?"

ಗೊತ್ತಿತ್ತು. ಆದರೆ ಹಳೆಯದು ರಿಜಿಸ್ಟರಿನಲ್ಲಿತ್ತು, ಶಾಯಿಯಲ್ಲಿ, ನನ್ನ ಅಕ್ಷರದಲ್ಲಿ. ಅದನ್ನು ತೆಗೆದು ಹಾಕಲು ನನಗೆ ಬರುವುದಿಲ್ಲ. ಎರಡನ್ನೂ ಕೋಷ್ಟಕಕ್ಕೆ ಹಾಕಿದೆ.

ಗುರುವಾರ ಸಭೆಯ ಅಧ್ಯಕ್ಷತೆ ವಹಿಸಿದ್ದ ಮಹಿಳಾ ಅಧಿಕಾರಿ ಆ ಸಾಲಿನ ಮೇಲೆ ಪೆನ್ನಿಟ್ಟರು. "ಮಾದರಿ ನಲವತ್ತೆರಡು, ಮನೆ ಒಂದು. ಇದೇನಿದು?"

ನಿಂತುಕೊಂಡು ಹೇಳಿದೆ. ಪತ್ರ, ಶುಕ್ರವಾರ, ಗೋಣಿ, ಪುಣ್ಯ, ಎಲ್ಲವನ್ನೂ. ನನ್ನ ತಪ್ಪು ಎಂದೂ ಹೇಳಿದೆ. ನಾನು ಬಾಡಿಗೆ ಮನೆಯ ಸಾಮಾನು ಎಷ್ಟು ಟ್ರಿಪ್ಪಿನಲ್ಲಿ ಹೋಗಬಹುದೆಂದು ಯೋಚಿಸತೊಡಗಿದೆ.

"ಶುಕ್ರವಾರ ನಮ್ಮ ಮನೆಯಲ್ಲೂ ಕೊಡುವುದಿಲ್ಲ," ಎಂದರು ಮೂಲೆಯಲ್ಲಿದ್ದ ವೈದ್ಯರು.

"ಮಂಗಳವಾರ?" ಎಂದರು ಶಿಕ್ಷಣ ಇಲಾಖೆಯವರು. "ನಮ್ಮಲ್ಲಿ ಮಂಗಳವಾರವೂ ಇಲ್ಲ."

"ವಾರ ಯಾವುದಾದ್ರೂ ಆಗ್ಲಿ, ದೀಪ ಹಚ್ಚಿದ ಮೇಲೆ ಇಲ್ಲ."

"ಕೈಗೆ ಕೊಡಬಾರದು. ಕೆಳಗೆ ಇಡಬೇಕು. ಇಲ್ಲದಿದ್ರೆ ಜಗಳ ಆಗ್ತದೆ."

"ಅದೆಲ್ಲ ಸುಳ್ಳು," ಎಂದರು ವೈದ್ಯರು. "ನಾನು ಕೈಗೇ ಕೊಟ್ಟಿದ್ದೇನೆ."

"ಯಾರಿಗೆ?"

"ನಾದಿನಿಗೆ."

"ಈಗ ಮಾತಾಡ್ತಾರಾ?"

"ಇಲ್ಲ," ಎಂದರು ಅವರು, ಯೋಚಿಸಿ.

ಚರ್ಚೆ ಅರ್ಧ ಗಂಟೆ ನಡೆಯಿತು. ಅಯೋಡಿನ್ ಕುರಿತು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಅಧ್ಯಕ್ಷರು ಮೇಜು ತಟ್ಟಿ, ಹೊಸ ಲೆಕ್ಕ ಅಂಗೀಕರಿಸಿ, ನನ್ನ ಮುಖ ನೋಡಿದರು. "ತಪ್ಪು ನೀವೇ ಹುಡುಕಿದ್ದಾ?"

"ಆರನೇ ತರಗತಿಯವರು ಹುಡುಕಿದ್ದು ಮೇಡಂ."

ಅವರು ಏನೋ ಬರೆದುಕೊಂಡರು. ಏನೆಂದು ಗೊತ್ತಾಗಲು ಎರಡು ವಾರ ಬೇಕಾಯಿತು. ಒಂದು ವರ್ಷದ ವಿಸ್ತರಣೆ, ಜೊತೆಗೆ ಒಂದು ಹೆಚ್ಚುವರಿ ಜವಾಬ್ದಾರಿ: ಮಾದರಿ ಕೇಳಿ ಹೋಗುವ ಪ್ರತಿ ಪತ್ರದಲ್ಲೂ ದಿನ ಸರಿಯಿದೆಯೇ ಎಂದು ಪರಿಶೀಲಿಸಿ ನಾನು ಸಹಿ ಮಾಡಬೇಕು. ಅಂದಿನಿಂದ ಪ್ರಯೋಗಾಲಯದಲ್ಲಿ ನನ್ನ ಹೆಸರು ಜೋಯಿಸರು. ಟೆಕ್ನೀಶಿಯನ್ ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ಜೋಯಿಸರೇ, ಅಡುಗೆ ಎಣ್ಣೆಯ ಮಾದರಿ ಶನಿವಾರ ತರಿಸಬಹುದಾ?"

"ಶನಿವಾರ ಎಣ್ಣೆ ಆಗುವುದಿಲ್ಲ," ಎನ್ನುತ್ತೇನೆ. "ಸೋಮವಾರ ಹಾಕಿ."