ನೋಡದೆ ಬರೆದ ಹೊಲ

ನಿಮ್ಮ ಹೊಲದ ಮಣ್ಣನ್ನು ನಾನು ನೋಡಿರಲೇ ಇಲ್ಲ, ಪಾರಕ್ಕ. ನೋಡದೆಯೇ ಎರೆಭೂಮಿ ಎಂದು ಬರೆದೆ. ಮುಂಡರಗಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು, ಬೇಗ ಬೆಟಗೇರಿಯ ಮನೆ ಸೇರಬೇಕೆಂಬ ಆತುರದಲ್ಲಿ ಬರೆದೆ. ಸುತ್ತಲಿನ ಹೊಲಗಳೆಲ್ಲ ಎರೆ, ಇದೊಂದು ಬೇರೆ ಇದ್ದೀತೇ ಅಂದುಕೊಂಡೆ — ಕಪ್ಪತಗುಡ್ಡದ ಕೆಳಗೆ ಬದುವಿನ ಈಚೆ ಕರಿ ಎರೆ, ಆಚೆ ಕೆಂಪು ಮಸಾರಿ ಇರುತ್ತದೆಂದು ದನ ಕಾಯುವವರಿಗೂ ಗೊತ್ತು. ನನಗೂ ಗೊತ್ತಿತ್ತು! ಅದಕ್ಕೇ ಈಗಲೂ ಮೈ ಉರಿಯುತ್ತದೆ.

ಯಾವ ಬೆಳೆಯನ್ನು ಯಾವಾಗ ಬಿತ್ತಬೇಕೆಂದು ರೈತರ ಮೊಬೈಲಿಗೆ ಸಲಹೆ ಕಳಿಸುವ ಯೋಜನೆ ನಮ್ಮದು. ಆ ಸಲಹೆಯನ್ನು ಲೆಕ್ಕ ಹಾಕುವ ಯಂತ್ರಕ್ಕೆ ಹೊಲಗಳ ವಿವರ ತುಂಬುವುದು ನನ್ನ ಕೆಲಸ. ಮಣ್ಣನ್ನು ಉಳಿಸಿಕೊಳ್ಳಿ ಎಂದು ಊರೂರಲ್ಲಿ ಭಾಷಣ ಬಿಗಿದವನೂ ನಾನೇ, ನಾಚಿಕೆಗೆಟ್ಟವನು.

ಆ ವರ್ಷ ಮಳೆ ಬಿದ್ದ ಮರುದಿನ ನಿಮಗೆ ಸಲಹೆ ಬಂತು: ನಾಲ್ಕು ದಿನ ತಡೆಯಿರಿ. ಎರೆಗೆ ಅದು ಸರಿ. ಮಸಾರಿ ಅಷ್ಟರಲ್ಲಿ ಒಣಗಿರುತ್ತದೆ. ನೀವು ಹೊಲದಿಂದ ಹಿಡಿ ಮಣ್ಣು ತಂದು ನನ್ನ ಮುಂದೆ ಕೈ ಚಾಚಿದಿರಿ.

"ತಮ್ಮಾ, ಹದಾ ಇವತ್ತ ಐತಿ. ನಾಳಿಗಿ ಇರೂದಿಲ್ಲ. ಕೂರಿಗಿ ಹೂಡ್ಲೇನು?"

ಕೆಂಪು ಮಣ್ಣು. ನೋಡಿದ ಕ್ಷಣವೇ ನನ್ನ ತಪ್ಪು ತಿಳಿಯಿತು. ಪಕ್ಕದಲ್ಲಿ ಮೇಲಧಿಕಾರಿ ನಿಂತಿದ್ದರು, ಅಷ್ಟಕ್ಕೇ ಹೆದರಿ ನಾನಂದೆ —

"ಮಷೀನು ಸುಳ್ಳು ಹೇಳೂದಿಲ್ರಿ ಅಕ್ಕಾರ. ನಾಕು ದಿನ ತಡೀರಿ."

ನೀವು ನಾಲ್ಕೇ ದಿನ ತಡೆದಿರಿ. ಶೇಂಗಾ ಅಲ್ಲೊಂದು ಇಲ್ಲೊಂದು ಎದ್ದಿತು. ಅದೇ ಸಲಹೆಯಿಂದ ಎರೆಹೊಲದವರ ಬೆಳೆ ಚೆನ್ನಾಗಿಯೇ ಬಂತು. ಊರ ಕಟ್ಟೆಯಲ್ಲಿ ನೀವು, "ಈ ತಮ್ಮ ಹೇಳಿದ್ದಕ್ಕ ತಡದ್ನಿ" ಅಂದಾಗ ಎಲ್ಲರೂ ನನ್ನತ್ತ ತಿರುಗಿದರು. ನಾನು ಹೇಳಿದ್ದು ಇಷ್ಟು:

"ನಾಕು ದಿನಾ ಅಂದಿದ್ನಿರಿ. ಅಕ್ಕಾರ ಎಂಟು ದಿನಾ ಬಿಟ್ಟು ಬಿತ್ಯಾರ."

ದಾಖಲೆಯಲ್ಲೂ ಅದನ್ನೇ ಬರೆದೆ. ನೀವು ಎದ್ದು ಹೋದಿರಿ.

ಅಲ್ಲಿಯವರೆಗೆ ನಿಮ್ಮ ಊರಿನಲ್ಲಿ ನೀವು ಮಣ್ಣು ಹಿಡಿದು ನೋಡದೆ ಯಾರೂ ಕೂರಿಗೆ ಹೂಡುತ್ತಿರಲಿಲ್ಲ. ಬಿತ್ತನೆಯ ದಿನ ಮನೆಗೆ ಬಂದು ಕರೆದೊಯ್ಯುತ್ತಿದ್ದರು. ಆಮೇಲೆ ಒಬ್ಬರೂ ಬರಲಿಲ್ಲವಂತೆ. ಒಂದು ಬೆಳೆ ಹೋದರೆ ಮರುವರ್ಷ ಬಂದೀತು. ನಾನು ಕಸಿದದ್ದು ಅದನ್ನಲ್ಲ. ತಪ್ಪನ್ನು ಯಂತ್ರದ ಮೇಲೆ ಹಾಕಲೂ ಬಾಯಿಲ್ಲ ನನಗೆ. ನಾನು ತುಂಬಿದ ಸುಳ್ಳನ್ನೇ ಅದು ನಿಮಗೆ ತಿರುಗಿ ಹೇಳಿತು. ನನಗೋ ಒಳ್ಳೆಯ ಕೆಲಸಗಾರನೆಂದು ಶಾಲು ಹೊದಿಸಿದರು. ಹೊದಿಸಿಕೊಂಡೆ, ನಗುತ್ತಾ!

ನಾಳೆ ಅದೇ ಕಟ್ಟೆಗೆ ಬರುತ್ತೇನೆ. ಪಾರಕ್ಕನಿಗೆ ಹದ ಗೊತ್ತಿತ್ತು, ತಡೆದವನು ನಾನು, ಸುಳ್ಳು ಹೇಳಿದವನೂ ನಾನೇ ಎಂದು ಎಲ್ಲರೆದುರು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ನಿಮ್ಮ ಕ್ಷಮೆ ಮಾತ್ರ ಕೇಳುವುದಿಲ್ಲ, ಪಾರಕ್ಕ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.