ಶೈಲಶ್ರೀ ನಿಲ್ಲಿಸಿದ ಔಷಧ

ತಾಯಿಗೆ ಎಚ್‌ಐವಿ ಇದ್ದಮಾತ್ರಕ್ಕೆ ಕೂಸಿಗೂ ಇರಬೇಕೆಂದಿಲ್ಲ. ಇಷ್ಟು ವರ್ಷಗಳಾದ ಮೇಲೂ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದು ನಾಚಿಕೆಗೇಡು.

ಇಳಕಲ್ಲಿನ ನೇಕಾರರ ಮನೆಯ ಸೊಸೆ ಶೈಲಶ್ರೀ ತನ್ನ ಎಚ್‌ಐವಿಯ ಒಂದು ಮಾತ್ರೆಯನ್ನೂ ತಪ್ಪಿಸದೆ ನುಂಗಿ ಮಗ ಪ್ರಭುವನ್ನು ಹೆತ್ತಳು. ಸೋಂಕು ತಗಲದಿರಲೆಂದು ಕೂಸಿಗೂ ದಿನಾ ಔಷಧ ಕುಡಿಸುತ್ತಿದ್ದಳು. ಒಂದೂವರೆ ತಿಂಗಳಿಗೆ ದವಾಖಾನೆಯಲ್ಲಿ ಅವನ ಹಿಮ್ಮಡಿ ಚುಚ್ಚಿ, ರಕ್ತದ ಹನಿ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಬಂದ ಉತ್ತರ ವಿಚಿತ್ರ: ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

"ಗೊತ್ತಾಗಿಲ್ಲ ಬೇ, ಮುಂದಿನ ವಾರ ಬಾ" ಎಂದ ಕೌಂಟರಿನವನು, ತಲೆ ಎತ್ತದೆ. ಔಷಧದ ಮಾತು ಅವನೂ ಆಡಲಿಲ್ಲ, ಗಾಬರಿಯಲ್ಲಿ ಇವಳೂ ಕೇಳಲಿಲ್ಲ.

ಅತ್ತೆ ರತ್ನಾಬಾಯಿ ಬಾಗಿಲಲ್ಲೇ ಕಾದಿದ್ದಳು. "ಏನ್ ಬಂತ ಬೇ?"

"ಏನೂ ತಿಳದಿಲ್ಲಂತ್ರಿ ಅತ್ತಿ."

"ಹಂಗಂದ್ರ? ಅಷ್ಟ್ ಕಲ್ತೋರಿಗೆ ಹೌದೋ ಅಲ್ಲೋ ಹೇಳಾಕ ಬರಂಗಿಲ್ಲೇನು? ಬಾಜೂ ಮನಿ ಎಮ್ಮಿ ಗಬ್ಬ ಐತೋ ಇಲ್ಲೋ ನಾ ನೋಡಿ ಹೇಳ್ತೇನಿ!"

ಶೈಲಶ್ರೀಗೆ ನಗು ಬರಲಿಲ್ಲ. ಇಲ್ಲದ ರೋಗಕ್ಕೆ ಔಷಧ ಹಾಕಿ ಕೂಸಿನ ಹೊಟ್ಟೆ ಕೆಟ್ಟರೆ? ಒಂದು ವೇಳೆ ಇದ್ದರೆ? ಮಗ್ಗದಲ್ಲಿ ಒಂದು ಎಳೆ ಅನುಮಾನ ಕಂಡರೂ ಲಾಳಿ ನಿಲ್ಲಿಸಬೇಕು, ಹಾಗೇ ನೇಯ್ದರೆ ಸೀರೆ ಕೆಡುತ್ತದೆ. ಆ ಹೊತ್ತಿಗೆ ಅವಳಿಗೆ ಹೊಳೆದ ಬುದ್ಧಿ ಅದೊಂದೇ. ಕೂಸಿನ ಔಷಧದ ಬಾಟಲಿಯನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟಳು.

ಮರುವಾರ ದವಾಖಾನೆಯ ಆಪ್ತ ಸಮಾಲೋಚಕಿ ನಜಮಾ ಅವಳು ತಂದಿದ್ದ ಆ ಬಾಟಲಿ ಎತ್ತಿ ಹಿಡಿದರು. "ಇದು ಖಾಲಿನ ಆಗಿಲ್ಲಲ್ಲ ತಂಗಿ!"

"ಗೊತ್ತಾಗೂತನಾ ನಿಲ್ಸೇನ್ರಿ ಅಕ್ಕಾರ. ಅನುಮಾನದ ಎಳಿ ಮ್ಯಾಲ ನಾವು ನೇಯಂಗಿಲ್ರಿ."

"ಸೀರಿ ಕಾಯ್ತೈತಿ, ಕೂಸು ಕಾಯಂಗಿಲ್ಲವ್ವ. ಗೊತ್ತಾಗೂತನಾನ ಹಾಕಬೇಕು."

"ಹಂಗಾರ ಐತೇನ್ರಿ ಅವಗ?"

"ಗೊತ್ತಿಲ್ಲ. ಖರೇನ ಗೊತ್ತಿಲ್ಲ. ಮತ್ತ ರಕ್ತ ತಗಿತೇವಿ."

ಮತ್ತೆ ಹಿಮ್ಮಡಿ ಚುಚ್ಚಿದರು. ಡಾಕ್ಟರು ನೋಡಿ, ಔಷಧ ಮತ್ತೆ ಶುರು ಮಾಡಲು ಹೇಳಿದ ಮೇಲೆ ಶೈಲಶ್ರೀ ಅಲ್ಲೇ ಕೂತು, ಅಳುವ ಪ್ರಭುವಿನ ಬಾಯಿಗೆ ಔಷಧ ಬಿಟ್ಟಳು. ತಪ್ಪಿಹೋದ ಆ ವಾರ ಕೂಸಿಗೆ ಏನು ಮಾಡಿತೋ, ತಪ್ಪು ತನ್ನದೋ ಕೌಂಟರಿನವನದೋ, ಅವಳಿಗೆ ಒಂದೂ ತಿಳಿಯಲಿಲ್ಲ. ಎರಡನೆಯ ಉತ್ತರ ಇನ್ನೂ ಬಂದಿಲ್ಲ.

ಕೌಂಟರಿನ ಆಚೆ ಕೂತವರೇ, ತಲೆ ಎತ್ತಿ. "ಗೊತ್ತಾಗಿಲ್ಲ" ಎಂದ ಬಾಯಲ್ಲೇ "ಔಷಧ ನಿಲ್ಲಿಸಬೇಡ" ಎಂದೂ ಹೇಳಿ. ಈಚೆ ನಿಂತವರೇ, ಆ ಮಾತು ಹೇಳಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.