ಎರಡನೇ ಪೈಪಿನ ಮೇಲಿನ ನೀರು

ಒಂದು ಕಾಲದಲ್ಲಿ ನನ್ನ ಗಂಡ ಬಾಯಿಗಿಡುತ್ತಿದ್ದ ತುತ್ತು ನಿಲ್ಲಿಸಿ ಹೇಳುತ್ತಿದ್ದರು: "ಬರ್ತಿರೋ ಗಾಡೀಲಿ ಒಂದು ಸಿಲಿಂಡರ್ ಕೆಲ್ಸ ಮಾಡ್ತಿಲ್ಲ." ಹಲಸೂರಿನ ಗಲ್ಲಿಯಲ್ಲಿ ನಮ್ಮದು ಮುಂದೆ ಗ್ಯಾರೇಜು, ಹಿಂದೆ ಮನೆ. ಗಾಡಿ ತಿರುವು ದಾಟುವಷ್ಟರಲ್ಲಿ ಅವರು ಕೈ ತೊಳೆದು ನಿಂತಿರುತ್ತಿದ್ದರು. "ಇಂಜಿನ್ ಕೆಮ್ಮಿದ್ರೆ ಕೇಳ್ಸುತ್ತೆ ನಿಮಗೆ, ನಾನ್ ಕೂಗಿದ್ರೆ ಮಾತ್ರ ಇಲ್ಲ" ಎಂದು ರೇಗಿಸುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ.

ಮದುವೆಯಾದ ಹೊಸತರಲ್ಲಿ, ಶಿವಾಜಿನಗರದ ತಮ್ಮ ಉಸ್ತಾದರು ಕಲಿಸಿದ ಉಪಾಯವೊಂದನ್ನು ತೋರಿಸಿದ್ದರು. ಇಂಜಿನ್ ಶುರು ಮಾಡಿ, ಒಂದೊಂದು ಸಿಲಿಂಡರಿನಿಂದಲೂ ಹೊಗೆ ಹೊರಬರುವ ಪೈಪಿನ ಮೇಲೆ ಎರಡು ಹನಿ ನೀರು ಚಿಮುಕಿಸುವುದು. ಕಾದ ಪೈಪು ಚುರ್ ಎನ್ನುತ್ತದೆ. ಕೆಲಸ ಮಾಡದ ಸಿಲಿಂಡರಿನದು ತಣ್ಣಗಿರುತ್ತದೆ.

"ದೋಸೆ ಕಲ್ಲು ಕಾದಿದ್ಯಾ ಅಂತ ನೋಡೋ ಹಾಗೇ ಅಲ್ವಾ!" ಎಂದಿದ್ದೆ.

ಅವರು ನಕ್ಕು, "ಇದು ಕಿವಿ ಇಲ್ದೋರ ಪರೀಕ್ಷೆ ಕಣೇ. ನಂಗ್ಯಾಕೆ?" ಎಂದಿದ್ದರು.

ಕಳೆದ ತಿಂಗಳು ಕೆ.ಆರ್. ಪುರದ ಹೂವಿನ ವ್ಯಾಪಾರಿಯೊಬ್ಬರ ಹಳೆಯ ಪೆಟ್ರೋಲ್ ಪಿಕಪ್ ನಡುಗುತ್ತಾ ಬಂತು. ಇವರು ಎಂದಿನಂತೆ ಸಿಲಿಂಡರಿಗೆ ಕಿಡಿ ಕೊಡುವ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಳಚಿ ನೋಡಿದರು. ಸರಿಯಿರುವ ಸಿಲಿಂಡರಿನ ವೈರು ಕಳಚಿದರೆ ಶಬ್ದ ಕುಗ್ಗುತ್ತದೆ, ಕೆಟ್ಟದ್ದರದು ಕಳಚಿದರೆ ಏನೂ ಬದಲಾಗುವುದಿಲ್ಲ. ಎರಡನೆಯದನ್ನು ಕಳಚಿದಾಗ ಶಬ್ದ ಬದಲಾಗಲಿಲ್ಲವೆಂದು ಬಾಗಿಲಲ್ಲಿ ನಿಂತ ನನಗೇ ತಿಳಿಯಿತು. ಇವರು "ಮೂರನೇದು" ಎಂದು ಅದರ ಪ್ಲಗ್ ಬದಲಿಸಿದರು. ನಡುಕ ನಿಲ್ಲಲಿಲ್ಲ.

"ಬಿಡಿ ಅಣ್ಣ, ಕಂಪ್ಯೂಟರ್ ಇಟ್ಟು ನೋಡೋ ಕಡೆ ತೋರಿಸ್ತೀನಿ" ಎಂದು ವ್ಯಾಪಾರಿ ಟೀ ಕುಡಿಯಲು ಹೋದರು. ಇವರು ಇಂಜಿನ್ ಆರಿಸಿ, ಸ್ಪ್ಯಾನರ್ ಕೆಳಗಿಟ್ಟು ಕೂತುಬಿಟ್ಟರು. ಅವರ ಕಿವಿ ಸೋತಿದೆಯೆಂದು ನನಗೆ ಅರ್ಥವಾದದ್ದು ಆಗಲೇ. ಎರಡು ವರ್ಷದಿಂದ ಕರೆದರೆ ಓಗೊಡುವುದಿಲ್ಲವೆಂದು ನಾನು ಆಡದ ಮಾತಿರಲಿಲ್ಲ.

ಇಂಜಿನ್ ತಣ್ಣಗಾದ ಮೇಲೆ ಚೊಂಬಿನಲ್ಲಿ ನೀರು ತಂದೆ. ಇದನ್ನು ಕಿವಿ ಇಲ್ಲದವರ ಪರೀಕ್ಷೆ ಎಂದದ್ದು ಅವರಿಗೆ ನೆನಪಿದ್ದೇ ಇರುತ್ತದೆ, ನೋಯುತ್ತಾರೆ. ಆದರೆ ಸೋತು ಗಾಡಿಯನ್ನು ಬೇರೆ ಕಡೆ ಕಳಿಸುವುದು ಅವರಿಗೆ ಅದಕ್ಕಿಂತ ನೋವು. ಸ್ಟಾರ್ಟ್ ಮಾಡಿ, ಸ್ವಲ್ಪ ಬಿಟ್ಟು ಚಿಮುಕಿಸಿದೆ. ಒಂದು, ಮೂರು, ನಾಲ್ಕು ಚುರ್ ಎಂದವು. ಎರಡನೆಯದರ ಮೇಲೆ ನೀರು ಹಾಗೇ ಕೂತಿತು.

ಇವರು ಎದ್ದು ಬಂದು ಆ ನೀರನ್ನೇ ನೋಡಿದರು. ಎರಡನೇ ಪ್ಲಗ್ ಬದಲಿಸಿದರು. ಇಂಜಿನ್ ಸರಾಗವಾಯಿತು, ಅದನ್ನೂ ಅಂಗೈಯಿಟ್ಟು ತಿಳಿದುಕೊಂಡರು. ಆಮೇಲೆ ಕೇಳಿದರು: "ನೀನ್ ಕರೆದಾಗ ಬೇಕಂತ್ಲೇ ಬರ್ತಿರ್ಲಿಲ್ಲ ಅಂದ್ಕೊಂಡಿದ್ಯಾ?"

ನಾನು ಅತ್ತುಬಿಟ್ಟೆ.

ಈಗ ಅಂಥ ಗಾಡಿ ಬಂದರೆ ನನ್ನನ್ನೂ ಕರೆಯುತ್ತಾರೆ. ಒಂದೊಂದೇ ವೈರು ಕಳಚುತ್ತಾ ನನ್ನ ಮುಖ ನೋಡುತ್ತಾರೆ. ಶಬ್ದ ಬದಲಾಗದಾಗ ನಾನು ತಲೆಯಾಡಿಸುತ್ತೇನೆ.